ಕಾಳೋಜನ ಗುಡ್ಡ

ಊರಾಚೆಯ ಈ ಗುಡ್ಡದ ಬುಡದಲ್ಲಿ 'ಯಾಳಿದುರ್ಗ' ಎಂದು ಬರೆದ ಫಲಕವೊಂದಿದೆ. ಸುತ್ತಲ ಯಾವ ಹಳ್ಳಿಯಲ್ಲೂ ಆ ಹೆಸರು ಹೇಳುವವರು ಸಿಗುವುದಿಲ್ಲ. ಕುರಿ ಕಾಯುವವರಿಗೂ ಬಸ್ಸಿನ ಕಂಡಕ್ಟರನಿಗೂ ಇದು ಕಾಳೋಜನ ಗುಡ್ಡ. ಹಿಂದೆ ಒಮ್ಮೆ ಇಲ್ಲಿ ಪಾಳೆಯಗಾರನೊಬ್ಬ ಆಳುತ್ತಿದ್ದ. ಸಿಂಹದ ಮೋರೆ, ಆನೆಯ ಸೊಂಡಿಲು, ಹಾವಿನ ಬಾಲದ ಯಾಳಿ ಅವನ ಲಾಂಛನ. ಬಾವುಟದಲ್ಲಿ ಯಾಳಿ, ಮುದ್ರೆಯಲ್ಲಿ ಯಾಳಿ. ಅದೂ ಸಾಲದೆ ಕೋಟೆ ಬಾಗಿಲ ಮೇಲೆ ಆಳೆತ್ತರದ ಕಲ್ಲಿನ ಯಾಳಿ ಬೇಕೆಂದು ಹಟ ಹಿಡಿದ. ಅದನ್ನು ಕಡೆಯಲು ಬಮ್ಮೋಜ, ಕಾಳೋಜ ಎಂಬ ಅಣ್ಣತಮ್ಮಂದಿರನ್ನು ಕರೆಸಿದ.

ಶಿಲ್ಪಿಗಳು ಮೂರ್ತಿಯ ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ ಬಿಡಿಸುತ್ತಾರೆ. ಅಲ್ಲಿಯವರೆಗೆ ಅದು ಬರಿಯ ಕಲ್ಲು. ಯಾಳಿಗೆ ಕಣ್ಣಷ್ಟೇ ಬಾಕಿಯಿತ್ತು. ಬಾಗಿಲ ಮೇಲಕ್ಕೆ ಏರಿಸುವಾಗ ಹಗ್ಗ ಹರಿದು, ಕಲ್ಲಿನಡಿ ಸಿಕ್ಕಿ ಕಾಳೋಜ ಸತ್ತ. ಹಗ್ಗ ಸವೆದಿದೆ ಎಂದು ಬಮ್ಮೋಜ ಮೊದಲೇ ಬಾಯಿ ಬಡಿದುಕೊಂಡಿದ್ದ. ಕೇಳುವವರಿರಲಿಲ್ಲ. ಈಗ ಹೆಣವನ್ನು ಪಕ್ಕಕ್ಕೆಳೆದ ಮೇಲೆ ಹೊಸ ಹಗ್ಗ ಬಂತು! ಯಾಳಿ ಮೇಲೇರಿತು. ಸೂತಕದ ಕೈಯಲ್ಲಿ ಕಣ್ಣು ಬಿಡಿಸಬಾರದು, ತಮ್ಮನನ್ನು ಮಣ್ಣು ಮಾಡಿ ಸೂತಕ ಕಳೆದು ಬರುತ್ತೇನೆ ಎಂದು ಬಮ್ಮೋಜ ಬೇಡಿದ. ಪಾಳೆಯಗಾರ ಹೆಣಕ್ಕೇ ಕಾವಲು ಹಾಕಿಸಿದ.

"ಮುಹೂರ್ತ ಮೀರ್ತೈತಿ. ಮೊದ್ಲು ಕಣ್ಣು ಬಿಡ್ಸು, ಆಮ್ಯಾಲೆ ಹೆಣ ತಗಂಡು ಹೋಗು."

ಕಲ್ಲಿನ ಮೃಗಕ್ಕೆ ಮುಹೂರ್ತವಂತೆ, ಒಡಹುಟ್ಟಿದವನಿಗೆ ಹಿಡಿ ಮಣ್ಣಿಲ್ಲವಂತೆ! ಬಮ್ಮೋಜ ಅಟ್ಟಣಿಗೆ ಹತ್ತಿದ. ಕಣ್ಣು ಬಿಡಿಸುವ ಸಣ್ಣ ಉಳಿಯನ್ನು ಕೆಳಕ್ಕೆಸೆದು, ಬಂಡೆ ಸೀಳುವ ದಪ್ಪ ಉಳಿ ಹಿಡಿದು, ಯಾಳಿಯ ಎರಡೂ ಕಣ್ಣಿನ ಜಾಗವನ್ನು ಗುಂಡಿ ಬೀಳುವಂತೆ ಒಡೆದುಹಾಕಿದ ಎನ್ನುತ್ತಾರೆ.

"ನನ್ ತಮ್ಮ ಸತ್ತಿದ್ದು ನಿನ್ ಕಣ್ಣಿಗೆ ಕಾಣ್ಲಿಲ್ಲ ದೊರೆ. ನಿನ್ ಯಾಳಿಗ್ಯಾಕೆ ಕಣ್ಣು?"

"ಹಿಡೀರೋ ಅವನ್ನ!" ಎಂದು ಪಾಳೆಯಗಾರ ಅರಚಿದ. ಹಗ್ಗ ಎಳೆದಿದ್ದ ಆಳುಗಳೆಲ್ಲ ಅಟ್ಟಣಿಗೆಯ ಸುತ್ತ ಬಂದು ಅಡ್ಡ ನಿಂತರು. ಕಾವಲಿನವರು ಹೆಜ್ಜೆ ಕಿತ್ತಿಡಲಿಲ್ಲ. ಆಳುಗಳೇ ಕಾಳೋಜನನ್ನು ಹೆಗಲ ಮೇಲೆ ಹೊತ್ತು ಇಳಿಸಿ ಗುಡ್ಡದ ಬುಡದಲ್ಲಿ ಮಣ್ಣು ಮಾಡಿದರು. ಅಂದಿನಿಂದ ಗುಡ್ಡಕ್ಕೆ ಸತ್ತವನ ಹೆಸರೇ ನಿಂತಿತು. ಯಾಳಿದುರ್ಗ ಎನ್ನಬೇಕೆಂದು ಪಾಳೆಯಗಾರ ಡಂಗುರ ಸಾರಿಸಿದ, ಚಾಟಿಯಲ್ಲಿ ಹೊಡೆಸಿದ. ಜನ ಜಪ್ಪಯ್ಯ ಎನ್ನಲಿಲ್ಲ.

ಯಾಳಿ ಇಂದಿಗೂ ಬಾಗಿಲ ಮೇಲಿದೆ. ಕಣ್ಣಿನ ಗುಂಡಿಗಳಲ್ಲಿ ಗುಬ್ಬಿಗಳು ಗೂಡು ಕಟ್ಟುತ್ತವೆ. ನೋಡಲು ಬಂದವರು ಅದನ್ನು ಮಾಡಿಸಿದ ದೊರೆಯ ಹೆಸರೇನೆಂದು ಕೇಳುತ್ತಾರೆ. ಊರಿನ ಹಿರಿಯರಿಗೆ ಅದು ಗೊತ್ತು. ಯಾರೂ ಹೇಳುವುದಿಲ್ಲ.