ಹಗ್ಗಗಲ್ಲು

ಕೋಡಿಹಿತ್ಲಿನ ದಡದಿಂದ ಪಡುವಣಕ್ಕೆ ನೋಡಿದರೆ ಕಡಲ ನಡುವೆ ಕಪ್ಪು ಬಂಡೆಯೊಂದು ಕಾಣುತ್ತದೆ. ಅದರ ಮೈತುಂಬ ಮೇಲಿನಿಂದ ನೀರಿನೊಳಗೆ ಇಳಿಬಿಟ್ಟಂತಹ ಕಲ್ಲಿನ ಎಳೆಗಳು. ಭೂಖಂಡ ಸೀಳಿ ಇನ್ನೊಂದು ಹೋಳು ದೂರ ಸರಿದಾಗ ಬಿರುಕಿನಿಂದ ಉಕ್ಕಿದ ಲಾವಾ ಆರಿ ಹೀಗಾಯಿತು, ಸೀಳಿದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಡಲಡಿಗೆ ಕುಸಿದಿದೆ, ಕೊನೆಯ ಮೆಟ್ಟಿಲಿನಾಚೆ ನಮ್ಮ ನೆಲವೇ ಮುಗಿಯುತ್ತದೆ ಎಂದು ಓದಿದವರು ವಿವರಿಸುತ್ತಾರೆ. ಊರಿನವರಿಗೆ ಮಾತ್ರ ಅದು ಹಗ್ಗಗಲ್ಲು.

ಹಿಂದೆ ಒಮ್ಮೆ ಇಲ್ಲಿಯ ಸೂರ ಎಂಬ ಮೀನುಗಾರ ಬಲು ದೂರದ ಆಳದಲ್ಲಿ ದೋಣಿ ಮಗುಚಿ ತೀರಿಕೊಂಡನಂತೆ. ಹೆಣ ಸಿಗದಿದ್ದರೆ, ಮುಳುಗಿದ ಜಾಗದಲ್ಲಿ ಮೇಣ ಮೆತ್ತಿದ ಗುಂಡನ್ನು ಹಗ್ಗದಲ್ಲಿ ಇಳಿಸಿ, ಅಂಟಿ ಬಂದ ತಳದ ಮಣ್ಣನ್ನೇ ಹೆಣವೆಂದು ತಂದು ಕರ್ಮ ಮಾಡುವುದು ಆಗಿನ ವಾಡಿಕೆ. ಮಣ್ಣು ಬರುವವರೆಗೆ ಸತ್ತವನು ಸತ್ತಂತಲ್ಲ; ಹೆಂಡತಿ ಉಪ್ಪಿಲ್ಲದ ಗಂಜಿ ಉಂಡು ಜಗಲಿಯಲ್ಲೇ ಮಲಗಬೇಕು. ಸೂರನ ತಮ್ಮ ಬಚ್ಚ ಮತ್ತೆ ಮತ್ತೆ ಹೋದ, ಪ್ರತಿ ಸಲವೂ ಹಗ್ಗಕ್ಕೆ ಇನ್ನಷ್ಟು ಹಗ್ಗ ಗಂಟು ಹಾಕಿಕೊಂಡು. ಗುಂಡಿನ ಮೇಣ ಹೋದಂತೆಯೇ ನುಣ್ಣಗೆ ಮೇಲೆ ಬಂತು.

"ಎಷ್ಟ್ ಬಿಟ್ರೂ ಕೆಳಗ್ ನೆಲವೇ ಇಲ್ಲೆ, ಅತ್ತಿಗೆ," ಎಂದ.

"ನೆಲ ಇಲ್ದೆ ನೀರು ಯಾವ್ದ್ರ ಮೇಲೆ ನಿಂತಿತ್ತೋ?" ಎಂದಳು ಸೂರನ ಹೆಂಡತಿ ಚಿಕ್ಕು.

ಜಗಲಿಯಲ್ಲಿ ಅವಳು ಸೊರಗುವುದನ್ನು ನೋಡಲಾರದೆ ಬಚ್ಚ ಒಂದು ದಿನ ಗುಂಡಿಗೆ ಮಣ್ಣು ಮೆತ್ತಿಕೊಂಡೇ ಬಂದ. ಚಿಕ್ಕು ಮೂಸಿ ನೋಡಿದಳು. "ಇದು ನಮ್ಮ ಹೊಳೆಯ ಅಳಿವೆ ಬಾಯಿಯ ಕೆಸರು ಬಚ್ಚಾ. ಅವ್ರು ಅಲ್ಲಿ ಸತ್ತಿದ್ರೆ ನಾನೇ ಸೊಂಟದ ನೀರಿಗಿಳಿದು ಎತ್ಕಂಡ್ ಬತ್ತಿದ್ದೆ."

ಚಿಕ್ಕು ಮನೆಮನೆಯ ಬಲೆಹಗ್ಗಗಳನ್ನು ಬೇಡಿ ತಂದು, ಒಂದಕ್ಕೊಂದು ಗಂಟು ಹಾಕಿ, ಒಂದು ತುದಿಯನ್ನು ಬಂಡೆಗೆ ಬಿಗಿದು, ಇನ್ನೊಂದನ್ನು ಹಿಡಿದು ಒಬ್ಬಳೇ ಆಳದತ್ತ ದೋಣಿಗೆ ಹುಟ್ಟು ಹಾಕಿದಳು. ಹಗ್ಗ ಬಿಗಿಯಿತು, ಮತ್ತೆ ಸಡಿಲವಾಗಲೇ ಇಲ್ಲ. ಊರಿನವರು ಹೋಗಿ ಎಳೆದು ನೋಡಿದಾಗ ಅದು ಕಲ್ಲಾಗಿತ್ತು ಎನ್ನುತ್ತಾರೆ. ಅವಳಿಗಾಗಿ ಮಣ್ಣು ತರಲು ಯಾರೂ ಹೊರಡಲಿಲ್ಲ.

ಈಗ ಇಲ್ಲಿಯ ಗಂಡಸರು ಮದುವೆಯಾದ ಮೇಲೆ ಮೊದಲ ಸಲ ಆಳಕ್ಕೆ ಹೊರಡುವ ಮುನ್ನ ಅಳಿವೆಯ ಕೆಸರನ್ನು ಒಂದು ಹಿಡಿ, ತಾವು ಮರಳದಿದ್ದರೆ ಕರ್ಮಕ್ಕೆ ಇದೇ ಮಣ್ಣೆಂದು, ಹೆಂಡತಿಯ ಕೈಗೆ ಕೊಡುತ್ತಾರೆ. ಅವಳು ಅದನ್ನು ಮೂಸಿ ನೋಡುವಂತಿಲ್ಲ. ತೆಂಗಿನ ಚಿಪ್ಪಿನಲ್ಲಿಟ್ಟು ಜಗಲಿಯ ಮೇಲಿನ ಮಾಡಿಗೆ ತೂಗುಹಾಕುತ್ತಾಳೆ. ಬಂಡೆ ನೋಡಲು ಬಂದವರು ದೃಷ್ಟಿ ತಾಗದಿರಲಿ ಎಂದು ಕಟ್ಟಿದ್ದಿರಬೇಕು ಎಂದುಕೊಂಡು ಆ ಚಿಪ್ಪುಗಳ ಫೋಟೋ ತೆಗೆದುಕೊಂಡು ಹೋಗುತ್ತಾರೆ.