ಒಂದು ಗಾಲಿಯ ಬಂಡಿಗಳು

"ಗುರುಗಳೇ, ಕೇಳಿ ತೆಗೆದುಕೊಳ್ಳಬೇಕೆಂದರೆ ಅದು ಹಕ್ಕು ಹೇಗಾಯಿತು?" ಎಂದು ಅಡವಯ್ಯ ಕೇಳಿದನು.

ಮಠದ ಆಡಳಿತ ಅವನ ಕೈಗೆ ಬಂದದ್ದು ಹೋದ ವರ್ಷ. ಸುಗ್ಗಿಯಲ್ಲಿ ಮಠದ ಬಂಡಿ ಕಣದಿಂದ ಕಣಕ್ಕೆ ಹೋಗಿ, ರೈತ ರಾಶಿ ಅಳೆಯುವ ಮೊದಲೇ ಮಠದ ಪಾಲು ತುಂಬಿಕೊಂಡು ಬರುವುದು ಹಳೆಯ ರೂಢಿ. ಈ ಸಲ ಊರಿನ ಹಿರಿಯರು ಸಭೆ ಸೇರಿ, 'ಇನ್ನು ಮುಂದೆ ನಮ್ಮನ್ನು ಕೇಳಿ ಒಯ್ಯಿರಿ' ಎಂದು ಹೇಳಿ ಕಳಿಸಿದ್ದರು. ಬೆಳೆ ಚೆನ್ನಾಗಿಯೇ ಬಂದಿತ್ತು, ಬಂಡಿ ಮಾತ್ರ ಅರ್ಧ ತುಂಬಿ ಮರಳುತ್ತಿತ್ತು. ಇನ್ನು ಕೇಳುತ್ತ ನಿಂತರೆ ದಾಸೋಹದ ಒಲೆಯೇ ಆರಿಹೋದೀತೆಂದು ಅಡವಯ್ಯನಿಗೆ ಭಯ. ಜೊತೆಗೆ ಅವಮಾನವೂ ಆಗಿತ್ತು.  ಗುರುಗಳು ಅವನಿಗೆ ಒಂದು ಕತೆ ಹೇಳಿದರು.

ಇಂಗ್ಲೆಂಡಿನಲ್ಲಿ ಒಬ್ಬ ರಾಜನಿದ್ದನು. ಕೆಟ್ಟವನಲ್ಲ. ಆದರೆ ತಾತನ ಕಾಲದಿಂದ ಬಂದದ್ದರಲ್ಲಿ ಒಂದು ಎಳೆಯನ್ನೂ ಬಿಟ್ಟುಕೊಡಬಾರದು ಎಂಬ ಹಟ ಅವನಿಗೆ. ಅವನಿಗಿದ್ದ ಹಕ್ಕುಗಳಲ್ಲಿ ಒಂದು ಹೀಗಿತ್ತು: ರಾಜ ಪ್ರಯಾಣ ಹೊರಟರೆ ದಾರಿಯಲ್ಲಿ ಯಾರ ಬಂಡಿಯನ್ನಾದರೂ ಹಿಡಿದುಕೊಳ್ಳಬಹುದು, ಬೇಕಾದಷ್ಟು ದಿನ ಇಟ್ಟುಕೊಳ್ಳಬಹುದು. ರಾಜ ಒಂದು ಬಂಡಿ ಹೇಳಿದರೆ ಅವನ ಅಧಿಕಾರಿಗಳು ಹತ್ತು ಹಿಡಿಯುತ್ತಿದ್ದರು. ಕೊಯ್ಲಿನ ಹೊತ್ತಿಗೆ ಹೋದ ಬಂಡಿ ಪೈರು ಕೊಳೆತ ಮೇಲೆ ಮನೆಗೆ ಬರುತ್ತಿತ್ತು.

ಆ ದೇಶದಲ್ಲಿ ಊರೂರಿನವರು ಆರಿಸಿ ಕಳಿಸಿದವರ ಒಂದು ಸಭೆಯಿತ್ತು. ಅದನ್ನು ಪಾರ್ಲಿಮೆಂಟು ಎನ್ನುತ್ತಿದ್ದರು. 'ಒಡೆಯನ ಒಪ್ಪಿಗೆಯಿಲ್ಲದೆ ಬಂಡಿ ಹಿಡಿಯಬಾರದು' ಎಂದು ಸಭೆ ಒಂದು ಕಟ್ಟಳೆ ಬರೆದು ರಾಜನ ಮುಂದಿಟ್ಟಿತು. ಅವನಿಗೆ ಮೈಯೆಲ್ಲ ಉರಿಯಿತು. ಕೇಳಿ ಪಡೆಯುವವನು ಭಿಕ್ಷುಕ, ರಾಜನಲ್ಲ ಎಂದುಕೊಂಡನು. ಸಭೆಯವರನ್ನು ಊರಿಗೆ ಕಳಿಸಿ ಬಾಗಿಲಿಗೆ ಬೀಗ ಹಾಕಿಸಿದನು. ಗೆದ್ದೆನೆಂದು ಅವನಿಗೆ ಸಂತೋಷವಾಯಿತು.

ಸಭೆಯ ಬಾಯಿ ಮುಚ್ಚಿತು, ರೈತರ ಕೈ ಸುಮ್ಮನಿರಲಿಲ್ಲ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಜಾತಿ ಅದು, ಯಾವ ದೇಶದಲ್ಲಾದರೂ ಅಷ್ಟೆ.

ಮುಂದಿನ ಸುಗ್ಗಿಯಲ್ಲಿ ರಾಜ ತುಂಬು ಬಸುರಿಯಾಗಿದ್ದ ರಾಣಿಯನ್ನು ಕರೆದುಕೊಂಡು ಅರಮನೆಗೆ ಮರಳುತ್ತಿದ್ದನು. ಕೆಸರಿನಲ್ಲಿ ಸಾರೋಟಿನ ಅಚ್ಚು ಮುರಿಯಿತು. ಅಲ್ಲೇ ರಾಣಿಗೆ ನೋವು ಕಾಣಿಸಿಕೊಂಡಿತು. ಸೂಲಗಿತ್ತಿ ಇದ್ದದ್ದು ಮುಂದಿನ ಪಟ್ಟಣದಲ್ಲಿ. ರಾಜ ತಾನೇ ಹತ್ತಿರದ ಹಳ್ಳಿಗೆ ಓಡಿದನು. ಪ್ರತಿ ಅಂಗಳದಲ್ಲೂ ಒಂದು ಬಂಡಿಯಿತ್ತು. ಪ್ರತಿ ಬಂಡಿಗೂ ಒಂದೇ ಗಾಲಿಯಿತ್ತು! ಒಂದು ಬದಿ ನೆಲಕ್ಕೆ ಊರಿ ಎಲ್ಲವೂ ವಾಲಿ ನಿಂತಿದ್ದವು.

ಒಬ್ಬ ಮುದಿ ರೈತ ಜಗಲಿಯ ಮೇಲೆ ಕುಳಿತಿದ್ದನು. ರಾಜ ಅವನನ್ನು ಕೇಳಿದನು: "ಉಳಿದ ಗಾಲಿಗಳೆಲ್ಲಿ?"

"ಬಚ್ಚಿಟ್ಟಿದ್ದೇವೆ, ಪ್ರಭು. ರಾಜರ ಸವಾರಿ ಬರುತ್ತದೆಂದು ಸುದ್ದಿ ಬಂದರೆ ಕಳಚಿಡುತ್ತೇವೆ. ನಮ್ಮ ಕಷ್ಟ ಹೇಳಲಿಕ್ಕೆ ಒಂದು ಮನೆಯಿತ್ತು, ಅದಕ್ಕೆ ತಾವು ಬೀಗ ಹಾಕಿಸಿದಿರಿ. ಬೇಕಾದರೆ ನನ್ನನ್ನು ಗಲ್ಲಿಗೆ ಹಾಕಿಸಿ. ಅದರಿಂದ ಬಂಡಿಗೆ ಗಾಲಿ ಬರುವುದಿಲ್ಲ."

ರಾಜನ ಕೈ ಕತ್ತಿಯ ಹಿಡಿಗೆ ಹೋಯಿತು. ಅಷ್ಟರಲ್ಲಿ ಕೆಸರುದಾರಿಯ ಕಡೆಯಿಂದ ರಾಣಿಯ ಕೂಗು ಕೇಳಿಸಿತು. ಅವನು ಕೈ ತೆಗೆದು, ತಲೆಯ ಟೋಪಿಯನ್ನೂ ತೆಗೆದನು.

"ಅಪ್ಪಾ, ನನ್ನ ಹೆಂಡತಿಗೆ ಹೆರಿಗೆ ನೋವು. ನಿನ್ನ ಬಂಡಿ ಕೊಡುತ್ತೀಯಾ? ಆಗದು ಎಂದರೆ ಆಗದು ಎನ್ನು, ನಾನು ಬೇರೆ ಮನೆಗೆ ಹೋಗುತ್ತೇನೆ."

ಮುದುಕ ಅವನ ಮುಖವನ್ನೇ ನೋಡಿದನು. ಆಗದು ಎನ್ನುವ ಅವಕಾಶವನ್ನು ಆ ಮನೆತನಕ್ಕೆ ಯಾವ ರಾಜನೂ ಕೊಟ್ಟಿರಲಿಲ್ಲ. ಅವನು ಎದ್ದು ಬೀದಿಗೆ ಕೇಳುವಂತೆ ಕೂಗಿದನು. ಹುಲ್ಲಿನ ಬಣವೆಯಿಂದ, ಮಂಚದಡಿಯಿಂದ, ಕೆರೆಯ ನೀರಿನಿಂದ ಗಾಲಿಗಳು ಹೊರಗೆ ಬಂದವು. ಹೆಂಗಸರು ಹಾಸಿಗೆ ತಂದು ಬಂಡಿಯಲ್ಲಿ ಹಾಸಿದರು. ದಾರಿಯಲ್ಲಿ ಒಂದು ಮುರಿದರೆ ಇನ್ನೊಂದಿರಲಿ ಎಂದು ಊರಿನ ಬಂಡಿಗಳೆಲ್ಲ ಹಿಂದೆಯೇ ಹೊರಟವು. ಹೊತ್ತು ಮುಳುಗುವ ಮೊದಲೇ ಸೂಲಗಿತ್ತಿಯ ಮನೆಯಲ್ಲಿ ಮಗು ಅತ್ತಿತು. ರಾಜನೂ ಅತ್ತನು.

ಅವನು ರಾಜಧಾನಿಗೆ ಮರಳಿ ಸಭೆಯ ಬೀಗ ತೆಗೆಸಿದನು. ಕಟ್ಟಳೆಗೆ ಒಪ್ಪಿಗೆ ಹಾಕಲು ಕೂತಾಗ ಮಂತ್ರಿ ಬಗ್ಗಿ ಕಿವಿಯಲ್ಲಿ ಹೇಳಿದನು: "ಪ್ರಭು, ಇದಕ್ಕೆ ಒಪ್ಪಿದರೆ ದೇಶದ ಒಂದು ಬಂಡಿಯೂ ತಮ್ಮ ಕೈಯಲ್ಲಿ ಉಳಿಯದು."

"ಆ ದಿನ ನನ್ನ ಕೈಯಲ್ಲಿ ಎಷ್ಟು ಇದ್ದವು, ಮಂತ್ರಿ?" ಎಂದು ರಾಜ ನಗುತ್ತ ಒಪ್ಪಿಗೆ ಹಾಕಿದನು.

ಕತೆ ಮುಗಿಯಿತು. ಅಡವಯ್ಯ ತಲೆ ತಗ್ಗಿಸಿದನು. ಅರ್ಧ ತುಂಬಿದ ಬಂಡಿ ಅವನ ನೆನಪಿಗೆ ಬಂತು. ಉಳಿದರ್ಧ ಯಾರ ಮನೆಯ ಹುಲ್ಲಿನಡಿ ಇದೆಯೆಂದು ಈಗ ಅವನು ಕೇಳಬೇಕಾಗಿರಲಿಲ್ಲ. ಆದರೂ ಒಂದು ಮಾತು ಕೇಳಿದನು.

"ಹಾಗಾದರೆ ಒಲೆ ಆರುವುದಿಲ್ಲವೇ, ಗುರುಗಳೇ?"

ಗುರುಗಳು ಎದ್ದು, ಗೂಟದಲ್ಲಿ ಬಹಳ ಕಾಲದಿಂದ ತೂಗುತ್ತಿದ್ದ ತಮ್ಮ ಜೋಳಿಗೆಯನ್ನು ಇಳಿಸಿದರು. ಧೂಳು ಕೊಡವಿ ಅವನ ಮಡಿಲಲ್ಲಿಟ್ಟರು.

"ನಾಳೆ ಬಂಡಿ ಹೂಡಬೇಡ, ಇದನ್ನು ಹಾಕಿಕೊಂಡು ಹೋಗು."