ಗುರುವಾರದ ಧೂಳು

"ಗುರುಗಳೇ, ಕಸ ಗುಡಿಸುವ ಯಂತ್ರಗಳಲ್ಲಿ ಯಾವುದು ಒಳ್ಳೆಯದು?"

ಮಠದ ಜಗಲಿಯ ಮೇಲೆ ಕುಳಿತಿದ್ದವರೆಲ್ಲ ನಕ್ಕರು. ಮೋಕ್ಷದ ಮಾತು ಕೇಳಲು ಬಂದ ಜಾಗದಲ್ಲಿ ಪೊರಕೆಯ ಮಾತು ತೆಗೆದವಳು ಸರ್ವಮಂಗಳಾ ಎಂಬ ಹಳೆಯ ಶಿಷ್ಯೆ. ಅವಳ ಮುಖ ಕೆಂಪಾಯಿತು. ಆದರೂ ಕೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ನೆಲದ ಮೇಲೆ ತಾನೇ ಓಡಾಡಿ ಗುಡಿಸುವ ರೋಬೋಟ್ ಗುರುಗಳೇ. ಎರಡು ನೋಡಿಬಂದಿದ್ದೇನೆ. ಒಂದು ಕಣ್ಣಿದ್ದ ಹಾಗೆ ನೋಡಿಕೊಂಡು ಹೋಗುತ್ತದೆ, ಇನ್ನೊಂದು ಗೋಡೆಗೆ ಹಾಯ್ದು ತಿರುಗುತ್ತದೆ. ನಮ್ಮ ಮನೆಗೆ ಬಂದು ಹೋಗುವವರು ಹೆಚ್ಚು. ಒರೆಸಿದ ನೆಲ ಒಂದು ಗಳಿಗೆ ನಿಲ್ಲುವುದಿಲ್ಲ. ಯಾವುದನ್ನು ತರಲಿ?"

ಗುರುಗಳು ನಗಲಿಲ್ಲ. "ಇಂಥ ಯಂತ್ರವನ್ನು ಬಹಳ ಯೋಚಿಸಿ ಆರಿಸಿದ ಒಬ್ಬಳ ಕತೆ ಗೊತ್ತು ನನಗೆ. ಅದನ್ನು ಕೇಳು" ಎಂದರು. ಆಮೇಲೆ ಹೇಳತೊಡಗಿದರು.

ಮೆಣಸಿನಕಾಯಿ ಪೇಟೆಯಿರುವ ಒಂದು ಊರು. ಅಲ್ಲಿ ಇಬ್ಬರು ಅಕ್ಕತಂಗಿಯರು. ತಂದೆತಾಯಿ ಹೋದಾಗ ಅಕ್ಕನಿಗೆ ಹದಿನಾಲ್ಕು ವರ್ಷ, ತಂಗಿಗೆ ಮೂರು. ಅಕ್ಕ ಪೇಟೆಗೆ ಹೋಗಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಸಾಲಿನಲ್ಲಿ ಕುಳಿತಳು. ದಿನವೆಲ್ಲ ತೊಟ್ಟು ಬಿಡಿಸಿದ ಬೆರಳನ್ನು ಏಳು ಸಲ ತೊಳೆದರೂ ಖಾರ ಬಿಡುವುದಿಲ್ಲ. ಆ ಕೈಯಲ್ಲಿ ತುತ್ತು ಕೊಟ್ಟರೆ ಮಗುವಿನ ಬಾಯಿ ಉರಿಯುತ್ತದೆಂದು ಅವಳು ತಂಗಿಗೆ ಚಮಚದಿಂದ ಉಣಿಸಿದಳು. ತಂಗಿ ಅತ್ತರೆ ಮೊಣಕೈಯಿಂದ ಕಣ್ಣೊರೆಸಿದಳು. ಹಾಗೆ ಸಾಕಿದಳು.

ತಂಗಿ ಹೊಲಿಗೆ ಕಲಿತಳು. ಬೇರೆಯವರ ಅಂಗಡಿಯಲ್ಲಿ ಗುಂಡಿ ಹಚ್ಚುವುದರಿಂದ ಹಿಡಿದು ತನ್ನದೇ ಅಂಗಡಿಯಲ್ಲಿ ಹನ್ನೆರಡು ಜನರನ್ನು ಕೂರಿಸುವವರೆಗೆ ಬಂದಳು. ಊರಿನ ದೊಡ್ಡ ಮನೆಯ ಹೆಂಗಸರು ರವಿಕೆಗೆ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವಳು ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ. "ಯಾರ ಹಂಗಿನಲ್ಲೂ ನಾನು ಬೆಳೆಯಲಿಲ್ಲ" ಎಂದು ಎಲ್ಲರ ಎದುರಿಗೂ ಹೇಳುತ್ತಿದ್ದಳು. ಅದು ಅಕ್ಕನನ್ನು ಮರೆತು ಆಡಿದ ಮಾತಲ್ಲ. ಅಕ್ಕ ಎಂದರೆ ತಾನೇ ಎಂದು ಅವಳ ಎಣಿಕೆ.

ಅಕ್ಕ ಪೇಟೆಯ ಕೆಲಸ ಬಿಡಲಿಲ್ಲ. "ಇನ್ನು ಸಾಕು, ನನ್ನ ಮನಿಗೆ ಬಂದು ಇರು" ಎಂದು ತಂಗಿ ಕರೆದರೆ, "ಕೈ ಸುಮ್ಮನಾದ್ರ ಬಾಯಿ ಸುರುವಾಗ್ತೈತಿ. ನನ್ನ ಬಾಯಿ ನಿನಗ ತಡಕೊಳ್ಳಾಕ ಆಗೂದಿಲ್ಲ" ಎಂದು ನಗುತ್ತಿದ್ದಳು. ಗುರುವಾರ ಪೇಟೆಯ ಕೆಲಸ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಅವತ್ತು ನೆಟ್ಟಗೆ ತಂಗಿಯ ಮನೆಗೆ ಬರುತ್ತಿದ್ದಳು. ಇಬ್ಬರೂ ಕೂಡಿ ಉಣ್ಣುತ್ತಿದ್ದರು. ನಾಲ್ಕಕ್ಕೆ ಎದ್ದು ಬಸ್ಸಿಗೆ ಹೋಗುತ್ತಿದ್ದಳು. ಇಷ್ಟು ವರ್ಷದಲ್ಲಿ ಒಂದು ಗುರುವಾರವೂ ತಪ್ಪಿರಲಿಲ್ಲ.

ತಂಗಿಯ ಹಳೆಯ ಬಾಡಿಗೆ ಮನೆಯ ಬಾಗಿಲಲ್ಲಿ ನೀರಿನ ತಂಬಿಗೆ ಇರುತ್ತಿತ್ತು. ಅಕ್ಕ ಬಂದವಳೇ ಕಾಲು ತೊಳೆದು, ಸೀರೆಯ ಅಂಚು ಕೊಡವಿ ಒಳಗೆ ಬರುತ್ತಿದ್ದಳು. ಆಮೇಲೆ ಹೊಲಿಗೆಯವಳಾದ ಆ ತಂಗಿ ಹೊಸ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ ಸ್ವಂತ ಮನೆ ಕೊಂಡಳು. ಹಾಲಿನಂಥ ಬಿಳಿ ಟೈಲ್ಸ್ ಹಾಕಿಸಿದಳು. ಅಕ್ಕ ಮೊದಲ ಸಲ ಬಂದು ಬಾಗಿಲಲ್ಲೇ ನಿಂತಳು.

"ಕಾಲಿಗೆ ನೀರ ಕೊಡವಾ ತಂಗಿ."

"ಇಲ್ಲೆಲ್ಲಿ ಚೆಲ್ಲೂದಕ್ಕಾ? ಇದು ಎಲ್ಲಾರೂ ಅಡ್ಡಾಡೋ ಜಾಗಾ. ಒಳಗ ಬಾ, ಬಚ್ಚಲದಾಗ ತೊಳಕೋ."

"ಬಚ್ಚಲಾ ಮುಟ್ಟೂತನಕ ನಿನ್ನ ನೆಲದ ಗತಿ ಏನು?"

ಅಕ್ಕ ತುದಿಗಾಲಲ್ಲಿ ನಡೆದು ಹೋದಳು. ಅಷ್ಟಾದರೂ ಕೆಂಪು ಹೆಜ್ಜೆಗಳು ಮೂಡಿದವು. ಸೀರೆಯ ನೆರಿಗೆಯಲ್ಲಿದ್ದ ಮೆಣಸಿನ ಪುಡಿ ಗಾಳಿಗೆ ಎದ್ದಿತು. ತಂಗಿ ಸೀನಿದಳು. ಅಕ್ಕ ನಕ್ಕಳು. ತಂಗಿಯೂ ನಕ್ಕಳು. ಅವತ್ತು ನಗುವುದು ಕಷ್ಟವಿರಲಿಲ್ಲ.

ಎದುರು ಮನೆಯಾಕೆ ಒಂದು ದಿನ, "ನಮಗೆ ಕ್ಯಾಲೆಂಡರೇ ಬೇಡ ನೋಡಿ. ಮನೆಮಂದಿಯೆಲ್ಲ ಸೀನಿದರೆ ಅವತ್ತು ಗುರುವಾರ" ಎಂದಳು. ತಮಾಷೆಗೆ ಅಂದದ್ದು. ಹೊಲಿಗೆಯವಳಿಗೆ ಅದು ಮುಳ್ಳಿನಂತೆ ಒಳಗೆ ಉಳಿಯಿತು.

ಇನ್ನೊಂದು ಗುರುವಾರ, ನಾಲ್ಕರ ಮೇಲೆ ಬರಬೇಕಾಗಿದ್ದ ಒಬ್ಬ ಅಧಿಕಾರಿಯ ಹೆಂಡತಿ ಹೊತ್ತಿಗೆ ಮೊದಲೇ ಅಳತೆ ಕೊಡಲು ಮನೆಗೇ ಬಂದಳು. ಅಕ್ಕ ಇನ್ನೂ ಅಡುಗೆಮನೆಯಲ್ಲಿದ್ದಳು. ಹೊಲಿಗೆಯವಳು ಟೇಪು ಹಿಡಿಯುವಷ್ಟರಲ್ಲಿ ಬಂದಾಕೆ ಮೂರು ಸಲ ಸೀನಿ, ಮೂಗಿಗೆ ಸೆರಗು ಹಿಡಿದು ಕೇಳಿದಳು.

"ಏನ್ರೀ ಇದು ಘಾಟು? ಒಳಗೆ ಯಾರಿದ್ದಾರೆ?"

ಹೊಲಿಗೆಯವಳ ಬಾಯಿಂದ ಮಾತು ತಾನಾಗಿ ಜಾರಿತು. "ಯಾರೂ ಅಲ್ಲ, ಮೆಣಸಿನಕಾಯಿ ತಂದುಕೊಡುವವಳು."

ಒಳಗಿನ ಪಾತ್ರೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಹೊರಗೆ ಬಂದಳು. ತಂಗಿಯ ಮುಖ ನೋಡಲಿಲ್ಲ. ಗೋಡೆಯ ಪಕ್ಕಕ್ಕೇ ಸರಿದು ಬಾಗಿಲ ತನಕ ಹೋದಳು. ಅಲ್ಲಿ ನಿಂತು ಕೈಮುಗಿದು, "ಬರ್ತೀನ್ರಿ ಅಕ್ಕಾರ. ಕಾಯಿ ಬೇಕಂದ್ರ ಹೇಳಿ ಕಳಸ್ರಿ" ಎಂದಳು.

ಚಮಚದಿಂದ ಉಣಿಸಿ ಬೆಳೆಸಿದವಳು ತಂಗಿಯನ್ನು ಅಕ್ಕಾರ ಎಂದು ಕರೆದು, ಅವಳ ಸುಳ್ಳನ್ನು ತಾನು ಹೊತ್ತುಕೊಂಡು ಮೆಟ್ಟಿಲಿಳಿದಳು. ಹೊಲಿಗೆಯವಳಿಗೆ ಟೇಪಿನ ಅಂಕಿ ಕಾಣಲಿಲ್ಲ. ಅವತ್ತು ತೆಗೆದುಕೊಂಡ ಅಳತೆಯೆಲ್ಲ ತಪ್ಪಾಗಿ ರವಿಕೆ ಬಿಚ್ಚಿ ಹೊಲಿಯಬೇಕಾಯಿತು.

ಮುಂದಿನ ಗುರುವಾರ ಅಕ್ಕ ಎಂದಿನಂತೆಯೇ ಬಂದಳು. ಆ ಮಾತನ್ನು ಎತ್ತಲಿಲ್ಲ. ಎತ್ತಿ ಬೈದಿದ್ದರೆ ತಂಗಿ ಕಾಲಿಗೆ ಬೀಳುತ್ತಿದ್ದಳೋ ಏನೋ. ಬೈಯಲಿಲ್ಲವಾದ್ದರಿಂದ ತಪ್ಪು ಯಾರದೆಂದು ಹುಡುಕುವುದಕ್ಕೆ ಅವಳಿಗೆ ಬಿಡುವು ಸಿಕ್ಕಿತು. ಹುಡುಕಿ, ತಪ್ಪು ಧೂಳಿನದು ಎಂದು ತೀರ್ಮಾನಿಸಿದಳು. ಧೂಳಿಲ್ಲದಿದ್ದರೆ ಸೀನಿಲ್ಲ, ಸೀನಿಲ್ಲದಿದ್ದರೆ ಪ್ರಶ್ನೆಯಿಲ್ಲ, ಪ್ರಶ್ನೆಯಿಲ್ಲದಿದ್ದರೆ ಸುಳ್ಳೂ ಇಲ್ಲ. ಅವಳು ಯಂತ್ರದ ಅಂಗಡಿಗೆ ಹೋದಳು.

ವ್ಯಾಪಾರಿ ಹಲವು ಯಂತ್ರಗಳನ್ನು ನೆಲಕ್ಕೆ ಬಿಟ್ಟು ತೋರಿಸಿದ. ಮಂಚದಡಿ ನುಗ್ಗುವಂಥದ್ದು, ಒರೆಸುವಂಥದ್ದು, ತನ್ನ ಹೊಟ್ಟೆಯ ಕಸವನ್ನು ತಾನೇ ಖಾಲಿಮಾಡಿಕೊಳ್ಳುವಂಥದ್ದು.

"ನಿಮ್ಮ ಮನೆಯ ಧೂಳು ಎಂಥದ್ದು ಹೇಳಿ ತಾಯಿ. ಕೂದಲೋ, ಮಣ್ಣೋ, ನಾಯಿಯ ರೋಮವೋ? ಅದರ ಮೇಲೆ ಆರಿಸಬೇಕು."

"ದಾರಿಯ ಧೂಳು. ಬಹಳ ಸಣ್ಣದು. ಗಾಳಿಗೆ ಏಳುವಂಥದ್ದು."

"ದಾರಿಯ ಧೂಳು ಅಷ್ಟು ಸಣ್ಣಗಿರುವುದಿಲ್ಲವಲ್ಲ! ಮನೆಯಲ್ಲಿ ಗಿರಣಿ ಇಟ್ಟಿದ್ದೀರಾ?"

"ಕೇಳಿದ್ದಕ್ಕೆ ಹೇಳಿದೆ. ಯಂತ್ರ ತೋರಿಸಪ್ಪ."

ಅವಳು ಎಲ್ಲವನ್ನೂ ಬಿಟ್ಟು ಒಂದನ್ನು ಆರಿಸಿದಳು. ಅದು ಮನೆಯನ್ನು ಒಮ್ಮೆ ಸುತ್ತಿ ನಕ್ಷೆ ಬರೆದುಕೊಳ್ಳುತ್ತದೆ. ಧೂಳು ಎಲ್ಲಿ ಹೆಚ್ಚೋ ಅಲ್ಲಿಗೆ ಮೊದಲು ಹೋಗುತ್ತದೆ. ಹೇಳಿದ ಹೊತ್ತಿಗೆ ತಾನೇ ಏಳುತ್ತದೆ. ವ್ಯಾಪಾರಿಯ ಆಳು ಮನೆಗೆ ಬಂದು ಜೋಡಿಸಿ, ಯಾವ ಹೊತ್ತಿಗೆ ಇಡಲಿ ಎಂದು ಕೇಳಿದ.

"ಗುರುವಾರ, ನಾಲ್ಕು ಗಂಟೆಗೆ."

"ಉಳಿದ ದಿನ?"

"ಬೇಡ."

"ವಾರ ನೋಡಿ ಬರುವ ಧೂಳು ಇದೇ ಮೊದಲು ನೋಡಿದ್ದು ಅಮ್ಮಾ" ಎಂದು ಅವನು ನಕ್ಕ. ಅವಳ ಕಿವಿ ಬಿಸಿಯಾಯಿತು. ಹೊತ್ತನ್ನು ಮಾತ್ರ ಬದಲಿಸಲಿಲ್ಲ. ಅವನು ಹೋದ ಮೇಲೆ ಟೈಲ್ಸಿನ ಮೇಲೆ ಚಿಟಿಕೆ ಮೆಣಸಿನ ಪುಡಿ ಉದುರಿಸಿ ಯಂತ್ರ ಓಡಿಸಿದಳು. ಬಿಳಿ ಲೈನಿಂಗ್ ಬಟ್ಟೆಯ ತುಂಡಿನಿಂದ ನೆಲ ಒರೆಸಿ, ಬೆಳಕಿಗೆ ಹಿಡಿದು, ಹೊಲಿಗೆ ನೋಡುವ ಕಣ್ಣಿನಿಂದಲೇ ನೋಡಿದಳು. ಬಟ್ಟೆ ಬಿಳಿಯಾಗಿಯೇ ಇತ್ತು.

ಗುರುವಾರ ಅಕ್ಕ ಬಂದಳು. ಉಂಡರು. ಅಕ್ಕ ಪೇಟೆಯ ಸುದ್ದಿ ಹೇಳಿದಳು. ತಂಗಿಯ ಕಣ್ಣು ಗಡಿಯಾರದ ಮೇಲಿತ್ತು. ನಾಲ್ಕಕ್ಕೆ ಐದು ನಿಮಿಷವಿರುವಾಗಲೇ ಕುಂಕುಮದ ಬಟ್ಟಲು ತಂದಳು. "ಇವತ್ತ್ಯಾಕ ಇಷ್ಟ ಅವಸರ ಮಾಡ್ತೀ?" ಎನ್ನುತ್ತಲೇ ಅಕ್ಕ ಕುಂಕುಮ ಹಚ್ಚಿಕೊಂಡು ಎದ್ದಳು. ಆದರೆ ಅವಳ ಮೊಣಕಾಲು ಹಿಡಿದಿತ್ತು. ಹೊಸ್ತಿಲು ದಾಟಿ, ಬಾಗಿಲ ಚೌಕಟ್ಟು ಹಿಡಿದು ಚಪ್ಪಲಿ ಮೆಟ್ಟುವುದಕ್ಕೆ ಹೊತ್ತಾಯಿತು. ಹೊಲಿಗೆಯವಳು ಯಂತ್ರದ ಎಲ್ಲ ಗುಣವನ್ನೂ ವಿಚಾರಿಸಿದ್ದಳು. ಮುದಿ ಮೊಣಕಾಲಿಗೆ ಎಷ್ಟು ಹೊತ್ತು ಬೇಕೆಂಬುದನ್ನು ವಿಚಾರಿಸಿರಲಿಲ್ಲ.

ಗಂಟೆ ನಾಲ್ಕಾಯಿತು. ಮೇಜಿನ ಕೆಳಗಿನಿಂದ ಯಂತ್ರ ಎದ್ದು ಬಂತು. ಮೊದಲು ಅಕ್ಕ ಕುಳಿತಿದ್ದ ಚಾಪೆಯ ಜಾಗಕ್ಕೆ ಹೋಯಿತು. ಅಲ್ಲಿಂದ ಅವಳು ನಡೆದ ದಾರಿಯನ್ನೇ ಹಿಡಿದು, ಒಂದೊಂದು ಹೆಜ್ಜೆಯನ್ನೂ ಅಳಿಸುತ್ತ ಬಾಗಿಲ ತನಕ ಬಂತು. ಹೊಸ್ತಿಲಿಗೆ ಮುಟ್ಟಿ, ಹಿಂದೆ ಸರಿದು, ಮತ್ತೆ ಮುಟ್ಟಿತು.

ಆ ಸೀಮೆಯಲ್ಲಿ ಮನೆಯಿಂದ ಯಾರಾದರೂ ಹೊರಟರೆ, ಅವರು ಕಣ್ಮರೆಯಾಗಿ ಬಹಳ ಹೊತ್ತಾಗುವ ತನಕ ಪೊರಕೆ ಮುಟ್ಟುವುದಿಲ್ಲ. ಹೋದ ಕೂಡಲೇ ಹಿಂದಿನಿಂದ ಮನೆ ಗುಡಿಸುವುದು ಒಬ್ಬರಿಗೆ ಮಾತ್ರ. ನಾಲ್ಕು ಜನ ಹೊತ್ತು ಒಯ್ದವರಿಗೆ. ಹೊಲಿಗೆಯವಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಪೊರಕೆಯ ನೇಮ ಯಂತ್ರಕ್ಕೂ ಸಲ್ಲುತ್ತದೆಂದು ಹೊಳೆದಿರಲಿಲ್ಲ.

ಅಕ್ಕ ಬಗ್ಗಿ ನೋಡಿದಳು.

"ಏನಿದು?"

"ಕಸಾ ಗುಡಸೂ ಯಂತ್ರ ಅಕ್ಕಾ. ಅದು ತಾನ ಸುರುವಾಗ್ತೈತಿ. ನಾ ಏನೂ ಮಾಡಿಲ್ಲ."

"ದಿನಾ ಇದ ಹೊತ್ತಿಗೇನು?"

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಹೊರಗಿನವಳ ಮುಂದೆ ಅಷ್ಟು ಸಲೀಸಾಗಿ ಸುಳ್ಳಾಡಿದ ನಾಲಿಗೆ ಅಕ್ಕನ ಮುಂದೆ ಹೊರಳಲಿಲ್ಲ. ಅವಳು ತಲೆ ತಗ್ಗಿಸಿದಳು. ಯಾರ ಮುಂದೆಯೂ ತಗ್ಗದ ತಲೆ.

ಅಕ್ಕನಿಗೆ ತಿಳಿಯಿತು. ಅವಳು ಸಿಟ್ಟಾಗಲಿಲ್ಲ. "ನಾ ಮೆಟ್ಟಲಾ ಇಳಿಯೂತನಕ ಆದ್ರೂ ತಡೀಬೇಕಿತ್ತವಾ" ಎಂದಳು. ಗೋಡೆ ಹಿಡಿದುಕೊಂಡು ಇಳಿದುಹೋದಳು.

ಮುಂದಿನ ಗುರುವಾರ ಹೊಲಿಗೆಯವಳು ಯಂತ್ರ ಏಳದಂತೆ ಅದರ ಬಾಯಿ ಮುಚ್ಚಿದಳು. ಯಾರು ಏನಂದರೂ ಅನ್ನಲಿ ಎಂದು ಎಲ್ಲರೂ ಅಡ್ಡಾಡುವ ಜಾಗದಲ್ಲೇ ತಂಬಿಗೆಯಲ್ಲಿ ನೀರಿಟ್ಟಳು. ಎದುರು ಮನೆಯಾಕೆ ನೋಡಿ, "ಯಾರಿಗೆ ಇದು?" ಎಂದು ಕೇಳಿದಳು. "ನನ್ನಕ್ಕನಿಗೆ" ಎಂದಳು. ಅಷ್ಟು ಹೇಳಲು ಅವಳಿಗೆ ಎಷ್ಟೋ ತಿಂಗಳು ಬೇಕಾಗಿತ್ತು. ನಾಲ್ಕಾಯಿತು, ಐದಾಯಿತು. ನೀರು ಹಾಗೆಯೇ ಇತ್ತು. ಅದರ ಮುಂದಿನ ಗುರುವಾರವೂ ಹಾಗೆಯೇ ಇತ್ತು. ಮೊಣಕಾಲು ನೋವು, ಮೆಟ್ಟಿಲು ಹತ್ತಲು ಆಗುವುದಿಲ್ಲ ಎಂದು ಅಕ್ಕ ಹೇಳಿಕಳಿಸಿದಳು. ಕಟ್ಟಡದಲ್ಲಿ ಲಿಫ್ಟ್ ಇತ್ತು, ಅಕ್ಕ ಹತ್ತುವಾಗ ಅದರಲ್ಲೇ ಬರುತ್ತಿದ್ದಳು. ಅದು ಇಬ್ಬರಿಗೂ ಗೊತ್ತಿತ್ತು.

ಕಡೆಗೆ ಅವಳೇ ಪೇಟೆಗೆ ಹೋದಳು. ಕೆಂಪು ರಾಶಿಗಳ ನಡುವೆ ಹೆಂಗಸರು ಸಾಲಾಗಿ ಕುಳಿತಿದ್ದರು. ಅಕ್ಕ ನೋಡಿದವಳೇ ಎದ್ದುಬಂದಳು. "ನೋಡ್ರೇ, ನನ್ನ ತಂಗಿ ಬಂದಾಳ" ಎಂದು ಸಾಲಿಗೆಲ್ಲ ಕೇಳುವಂತೆ ಹೇಳಿದಳು. ಖಾಲಿ ಚೀಲವನ್ನು ದೂರ ಒಯ್ದು ಕೊಡವಿ, ಮಗುಚಿ ಹಾಸಿ, "ಸೀರಿಗೆ ಧೂಳ ಹತ್ತೀತು, ಇದರ ಮ್ಯಾಲೆ ಕುಂದರು" ಎಂದಳು. ಚಹಾ ತರಿಸಿದಳು. ಅಂಗಡಿ ಹೇಗಿದೆ, ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ ಎಂದು ಎಲ್ಲ ಕೇಳಿದಳು. ಹೊಲಿಗೆಯವಳು ತಪ್ಪಾಯಿತು ಎನ್ನಲು ಬಂದಿದ್ದಳು. ಆ ಮಾತಿಗೆ ಅಕ್ಕ ಎಡೆಯೇ ಕೊಡಲಿಲ್ಲ. ಮನೆಗೆ ಬರುತ್ತೇನೆ ಎಂದೂ ಹೇಳಲಿಲ್ಲ.

ಹೊಲಿಗೆಯವಳು ಎದ್ದು ಹೊರಟಳು. ನಾಲ್ಕು ಹೆಜ್ಜೆ ನಡೆದಿರಬಹುದು. ಅವಳು ಕುಳಿತಿದ್ದ ಜಾಗದಲ್ಲಿ ಸಾಲಿನ ಒಬ್ಬ ಹೆಂಗಸು ಕೆಲಸದ ರೂಢಿಯಿಂದ ಪೊರಕೆ ಎತ್ತಿಕೊಂಡಳು. ಹಿಂದಿನಿಂದ ಅಕ್ಕನ ದನಿ ಕೇಳಿಸಿತು.

"ತಡಿಯೇ. ಪೊರಕಿ ಕೆಳಗಿಡು. ಆಕಿ ರಸ್ತೆ ದಾಟಿ ಹೋಗ್ಲಿ."

ಹೊಲಿಗೆಯವಳು ತಿರುಗಿ ನೋಡಲಿಲ್ಲ. ನೋಡುವ ಮುಖ ಅವಳಿಗೆ ಉಳಿದಿರಲಿಲ್ಲ. ರಸ್ತೆ ದಾಟಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಜಗಲಿಯ ಮೇಲೆ ಈಗ ಯಾರೂ ನಗುತ್ತಿರಲಿಲ್ಲ. ಸರ್ವಮಂಗಳಾ ಸಣ್ಣ ದನಿಯಲ್ಲಿ ಕೇಳಿದಳು.

"ಆ ಅಕ್ಕ ಮತ್ತೆ ಬಂದಳೇ ಗುರುಗಳೇ?"

"ಅವಳು ಆರಿಸಿದ ಯಂತ್ರ ಬಹಳ ಒಳ್ಳೆಯದು ತಾಯಿ, ಅಂದಿನಿಂದ ಆ ಮನೆಯೊಳಗೆ ಒಂದು ಕಣ ಧೂಳು ಬಂದಿಲ್ಲ."